ನನಗೂ ವಸಡಿದೆ ಎಂದು ತಿಳಿದ ವರ್ಷ

ಮನುಷ್ಯನಿಗೆ ತನ್ನ ಕಾಯಿಲೆಗಳ ಮೇಲೆ ಒಂದು ಬಗೆಯ ಅಭಿಮಾನವಿರುತ್ತದೆ ಎಂಬುದನ್ನು ನಾನು ಕಲಿತದ್ದು ಬಸ್ಸಿನಲ್ಲಿ. ಮಾಗಡಿಯಿಂದ ಕುದೂರಿಗೆ ಹೋಗಿ ಬರುವ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಂಡಕ್ಟರಾಗಿರುವ ನನಗೆ, ಹತ್ತಿದವರ ಮುಖ ನೋಡಿದರೆ ಅವರ ಊರಿಗಿಂತ ಮೊದಲು ಅವರ ಕಾಯಿಲೆ ನೆನಪಾಗುತ್ತದೆ. ಶುಗರ್ ಇರುವವರು ತಮ್ಮದು ಮುನ್ನೂರಿಪ್ಪತ್ತು ಎಂದು ತೋಟದ ತೆಂಗಿನಮರ ಎಣಿಸಿದಷ್ಟೇ ಗತ್ತಿನಲ್ಲಿ ಹೇಳುತ್ತಾರೆ. ಪಕ್ಕದಲ್ಲಿ ಕೂತವರು ತಮ್ಮದು ಬರೀ ಇನ್ನೂರು ಎಂದು ದನಿ ತಗ್ಗಿಸುತ್ತಾರೆ. ಮಂಡಿನೋವು, ಸೊಂಟನೋವು, ಗ್ಯಾಸ್ಟ್ರಿಕ್ಕು, ಇವಕ್ಕೆಲ್ಲ ನಾಲ್ಕು ಜನರ ನಡುವೆ ಒಂದು ಸ್ಥಾನವುಂಟು. ವಸಡಿನ ಬಗ್ಗೆ ಮಾತ್ರ ಯಾರೂ ಎದೆಯುಬ್ಬಿಸಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಹಲ್ಲಿಗಾದರೂ ನಕ್ಕಾಗ ಹೊರಗೆ ಬರುವ ಭಾಗ್ಯವಿದೆ. ವಸಡು ಮದುವೆಮನೆಯಲ್ಲಿ ಹಿತ್ತಲ ಕಡೆ ಪಾತ್ರೆ ಹೊತ್ತು ದುಡಿಯುವ ಬಡನೆಂಟ. ಊಟಕ್ಕೆ ಕೂತವರಿಗೆ ಅವನ ಹೆಸರು ಗೊತ್ತಿರುವುದಿಲ್ಲ. ನಿಜ ಹೇಳಬೇಕೆಂದರೆ, ನಲವತ್ತೆಂಟು ತುಂಬುವವರೆಗೆ ನನಗೂ ವಸಡಿದೆ ಎಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ.

ಗಮನಕ್ಕೆ ತಂದದ್ದು ನಮ್ಮ ಮನೆಯ ಬಿಳಿ ಬೇಸಿನ್ನು. ಬೆಳಗ್ಗೆ ಹಲ್ಲುಜ್ಜಿ ಉಗಿದರೆ ಅದರಲ್ಲೊಂದು ಕೆಂಪು ಗೆರೆ ಇಳಿಯುತ್ತಿತ್ತು. ಪೇಸ್ಟಿನ ಬಣ್ಣವಿರಬೇಕು ಎಂದುಕೊಂಡೆ. ಪೇಸ್ಟು ಹಸಿರು ಎಂಬುದನ್ನು ಹೆಂಡತಿ ಮಂಜುಳ ಟ್ಯೂಬು ಹಿಂಡಿ ತೋರಿಸಿದಳು. ಆಮೇಲೆ ಅನುಮಾನ ಬ್ರಷ್ಷಿನ ಮೇಲೆ ಹೋಯಿತು. ಹೊಸ ಬ್ರಷ್ಷು ತಂದೆ, ಅದೂ ಕೆಂಪಾಯಿತು. ಕೊನೆಗೆ ಬಹಳ ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ: ಉಜ್ಜಿದ ಕಡೆ ರಕ್ತ ಬರುತ್ತದೆ, ಆದ್ದರಿಂದ ಆ ಕಡೆ ಉಜ್ಜಬಾರದು. ಅಂದಿನಿಂದ ನಮ್ಮ ಡ್ರೈವರು ಗುಂಡಿ ಕಂಡ ಕಡೆ ಬಸ್ಸನ್ನು ಪಕ್ಕಕ್ಕೆ ತೆಗೆಯುವ ಹಾಗೆ, ನಾನೂ ವಸಡು ಕಂಡ ಕಡೆ ಬ್ರಷ್ಷನ್ನು ಪಕ್ಕಕ್ಕೆ ತೆಗೆಯತೊಡಗಿದೆ. ಅದೇ ಕಾಲಕ್ಕೆ ಮಂಜುಳ ನನ್ನ ಹತ್ತಿರ ಮಾತಾಡುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸತೊಡಗಿದಳು. ಮದುವೆಯಾಗಿ ಇಪ್ಪತ್ತು ವರ್ಷವಾದ ಮೇಲೆ ಇದೇನು ಹೊಸ ನಾಚಿಕೆ ಎಂದು ಒಳಗೊಳಗೇ ಖುಷಿಪಟ್ಟೆ. ಸ್ವಲ್ಪ ದಿನಕ್ಕೆ ನನ್ನ ಖಾಕಿ ಷರಟಿನ ಜೇಬಿಗೆ ದಿನಾ ಎರಡು ಲವಂಗ ಹಾಕಿ ಕಳಿಸಲು ಶುರು ಮಾಡಿದಳು. ಅದನ್ನು ಪ್ರೀತಿಯ ಲೆಕ್ಕಕ್ಕೆ ಸೇರಿಸಿ, ಒಂದನ್ನು ಡ್ರೈವರ್ ಹೊಂಬಾಳಯ್ಯನಿಗೆ ಕೊಡುತ್ತಿದ್ದೆ. ಅವನು ಎರಡನ್ನೂ ನೀನೇ ತಿನ್ನು ಎಂದು ವಾಪಸ್ ಕೊಡುತ್ತಿದ್ದ. ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ದಡ್ಡನಿಗೆ ಲೋಕವೆಲ್ಲ ಒಳ್ಳೆಯದಾಗಿಯೇ ಕಾಣುತ್ತದೆ.

ಗುಟ್ಟು ಬಯಲಾದದ್ದು ವಿಷಲ್ಲಿನಿಂದ. ಎರಡು ಕೈಗೂ ಕೆಲಸವಿರುವ ಕಂಡಕ್ಟರು ವಿಷಲ್ಲನ್ನು ಮುಂದಿನ ಹಲ್ಲಲ್ಲಿ ಕಚ್ಚಿಕೊಂಡೇ ಇರುತ್ತಾನೆ. ಒಂದು ದಿನ ಸೋಲೂರು ಕೈಮರದ ಹತ್ತಿರ ಟೀ ಕುಡಿಯಲು ಇಳಿದಾಗ ನಾನು ವಿಷಲ್ಲನ್ನು ಬೆಂಚಿನ ಮೇಲಿಟ್ಟೆ. ಹೊಂಬಾಳಯ್ಯ ಅದನ್ನು ನೋಡಿ, ಟೀ ಲೋಟ ಕೆಳಗಿಟ್ಟು, "ಲೇ ಪುಟ್ಟಸ್ವಾಮಿ, ನಿನ್ ವಿಷಲ್ ರಕ್ತ ಆಗೈತೆ ಕಣ್ಲಾ" ಎಂದ. ಅವನ ದನಿ ಹುಟ್ಟಾ ದೊಡ್ಡದು. ಬಸ್ಸಿನ ಕಿಟಕಿಗಳೆಲ್ಲ ಈ ಕಡೆ ತಿರುಗಿದವು. ಅಲ್ಲಿಂದ ಕುದೂರು ತಲುಪುವಷ್ಟರಲ್ಲಿ ನನಗೆ ಒಂಬತ್ತು ಬಗೆಯ ಮದ್ದು ಸಿಕ್ಕಿತ್ತು. ಉಪ್ಪು ಇದ್ದಿಲು, ಹೊಂಗೆ ಕಡ್ಡಿ, ಸೀಬೆ ಎಲೆ, ಪಟಿಕದ ನೀರು. ಒಬ್ಬರು ಬೆಟ್ಟದ ದೇವರಿಗೆ ಬೆಳ್ಳಿಯ ಹಲ್ಲು ಮಾಡಿಸಿ ಒಪ್ಪಿಸಲು ಹೇಳಿದರು. ಟಿಕೆಟ್ ತೆಗೆಯದವರನ್ನು ನನ್ನ ಸರ್ವೀಸಿನಲ್ಲಿ ಕಂಡಿದ್ದೇನೆ, ಮದ್ದು ಹೇಳದವರನ್ನು ಕಂಡಿಲ್ಲ. ಡಾಕ್ಟರಿಗೆ ತೋರಿಸು ಎಂದು ಹೇಳಿದವಳು ಮಂಜುಳ ಒಬ್ಬಳೇ. ಹೆಂಡತಿ ಹೇಳಿದ್ದು ಎಂಬ ಒಂದೇ ಕಾರಣಕ್ಕೆ ಅದನ್ನು ಕಡೆಗೆ ಇಟ್ಟುಕೊಂಡೆ.

ನಾನು ಹಿಡಿದ ಮದ್ದು ಗಂಗಮ್ಮ ಚಿಕ್ಕಮ್ಮನದು. ನನ್ನ ಅವ್ವನ ತಂಗಿ. ಅವ್ವ ನನಗೆ ಐದು ವರ್ಷವಿದ್ದಾಗಲೇ ತೀರಿಕೊಂಡಳು. ಆಮೇಲೆ ನನ್ನನ್ನು ಎತ್ತಿ ಆಡಿಸಿ, ಓದಿಸಿ, ಹೊಡೆದು, ಕಂಡಕ್ಟರ್ ಮಾಡಿದವಳು ಇವಳೇ. ಕುದೂರಿನ ಪಕ್ಕದ ಹಳ್ಳಿಯಲ್ಲಿ ಎರಡು ಹಸು ಕಟ್ಟಿಕೊಂಡು ಗಟ್ಟಿಮುಟ್ಟಾಗಿದ್ದಾಳೆ. ಎಪ್ಪತ್ತು ದಾಟಿದೆ. ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಹಾಕುವ ಅಭ್ಯಾಸ ಅವಳಿಗೆ ಮದುವೆಗೆ ಮುಂಚಿನಿಂದಲೂ ಇದೆ. ಹೊಗೆಸೊಪ್ಪಿನ ಆ ಪುಡಿ ಅವಳ ಎಡಗೆನ್ನೆಯಲ್ಲಿ ಬಾಡಿಗೆ ಕೊಡದ ಹಳೇ ಬಾಡಿಗೆದಾರನಂತೆ ಯಾವಾಗಲೂ ಕೂತಿರುತ್ತಿತ್ತು. ನನ್ನ ಕಷ್ಟ ಕೇಳಿ ಅವಳು ನಕ್ಕುಬಿಟ್ಟಳು.

"ಅಯ್ಯೋ ಮಗ, ನನ್ ವಸಡಲ್ಲಿ ಒಂದ್ ದಿಸ ರಕ್ತ ಬಂದಿದ್ ಕಂಡೀಯಾ? ನೋವು ಅಂಬೋದೇ ಗೊತ್ತಿಲ್ಲ ನಂಗೆ. ಹಲ್ಲು ಬೀಳೋವಾಗ್ಲೂ ಹಣ್ಣು ಉದುರ್ದಂಗೆ ಕೈಗೇ ಬಂದ್ಬುಡ್ತವೆ. ಒಸಿ ಕಡ್ಡಿಪುಡಿ ಮಡಿಕ್ಕೊ."

ಈ ಮಾತಿನ ಕೊನೆಯ ಭಾಗವನ್ನು ಇವತ್ತು ಬರೆಯುವಾಗ ನನಗೇ ನಾಚಿಕೆಯಾಗುತ್ತದೆ. ಹಣ್ಣಿನ ಹಾಗೆ ಉದುರುವ ಹಲ್ಲನ್ನು ಮದ್ದಿನ ಮಹಿಮೆ ಎಂದು ಅವಳು ಹೇಳಿದಳು, ನಾನು ತಲೆಯಾಡಿಸಿದೆ. ಅವಳ ಬಾಯಲ್ಲಿ ಆಗ ಉಳಿದಿದ್ದದ್ದು ಹನ್ನೊಂದು ಹಲ್ಲು. ಬಸ್ಸಿನ ತಲೆ ಎಣಿಸುವ ನನಗೆ ಅದನ್ನು ಎಣಿಸಬೇಕೆಂದು ತೋಚಲಿಲ್ಲ.

ಮೊದಲ ದಿನ ಚಿಟಿಕೆ ಕಡ್ಡಿಪುಡಿಯನ್ನು ಕೆಳವಸಡಿಗೆ ಒತ್ತಿಕೊಂಡು ಡ್ಯೂಟಿಗೆ ಹೋದೆ. ಹತ್ತು ನಿಮಿಷಕ್ಕೆ ಬಸ್ಸು ನಿಂತಿದ್ದರೂ ರಸ್ತೆ ಓಡುವುದಕ್ಕೆ ಶುರುವಾಯಿತು. ಕುದೂರಿಗೆ ಹೊರಟ ಮೇಷ್ಟರಿಗೆ ಮಾಗಡಿಗೇ ಟಿಕೆಟ್ ಕೊಟ್ಟೆ, ಆಗಲೇ ಮಾಗಡಿಯಲ್ಲಿ ನಿಂತಿದ್ದ ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಒಂದು ವಾರಕ್ಕೆ ತಲೆ ಒಗ್ಗಿಕೊಂಡಿತು. ಮೂರು ವಾರಕ್ಕೆ ಬೇಸಿನ್ನು ಬೆಳ್ಳಗಾಯಿತು. ಒಂದು ಹನಿ ರಕ್ತವಿಲ್ಲ. ನನ್ನ ಸಂತೋಷ ಹೇಗಿತ್ತೆಂದರೆ, ಕೇಳಿದವರಿಗೂ ಕೇಳದವರಿಗೂ ಕಡ್ಡಿಪುಡಿಯ ಗುಣಗಾನ ಮಾಡಿದೆ. ಹೊಂಬಾಳಯ್ಯನ ಬಾವಮೈದುನ ಶುರು ಮಾಡಿದ. ಎರಡು ಸ್ಟಾಪಿನ ಹಾಲು ಡೈರಿಯವರು ಶುರು ಮಾಡಿದರು. ಆ ಮೇಷ್ಟರೂ ಒಂದು ಪೊಟ್ಟಣ ಇಟ್ಟುಕೊಂಡಿದ್ದಾರೆಂದು ಸುದ್ದಿ ಬಂತು. ಮಂಜುಳ ಮಾತ್ರ ಹೊಗೆಸೊಪ್ಪು ಬಾಯಿಗಿಟ್ಟವನಿಗೆ ಮುದ್ದೆ ಕಟ್ಟಿಕೊಡಲು ತನ್ನ ಕೈ ಏಳುವುದಿಲ್ಲ ಎಂದು ಗೋಡೆಗೆ ಹೇಳಿದಳು. ಗೋಡೆಯ ಕಡೆ ತಿರುಗುವುದನ್ನು ಅವಳು ಇನ್ನೂ ಬಿಟ್ಟಿರಲಿಲ್ಲ ಎಂಬುದನ್ನು ನಾನು ಗಮನಿಸಬೇಕಿತ್ತು.

ಐದಾರು ತಿಂಗಳು ಹೀಗೆ ನಡೆಯಿತು. ಮುದ್ದೆ ಉಣ್ಣುವ ಸೀಮೆಯಲ್ಲಿ ಹಲ್ಲಿನ ಸ್ಥಿತಿ ಬೇಗ ತಿಳಿಯುವುದಿಲ್ಲ. ಮುದ್ದೆ ನುಂಗುವ ವಸ್ತು, ಅದಕ್ಕೆ ಹಲ್ಲಿನ ಅಪ್ಪಣೆ ಬೇಕಿಲ್ಲ. ನನ್ನನ್ನು ಹಿಡಿದುಕೊಟ್ಟದ್ದು ಮತ್ತೆ ವಿಷಲ್ಲೇ. ಕೆಳಗಿನ ಮುಂದಿನ ಎರಡು ಹಲ್ಲುಗಳ ನಡುವೆ ಯಾವಾಗಲೋ ಒಂದು ಸಂದು ಬಿಟ್ಟುಕೊಂಡಿತ್ತು. ವಿಷಲ್ ಕಚ್ಚಿ ಊದಿದರೆ ಅರ್ಧ ಗಾಳಿ ಸಂದಿಯಲ್ಲಿ ಹೋಗಿ, ಕುಕ್ಕರು ಕೂಗುವ ಮೊದಲು ಮಾಡುವಂಥ ಒಂದು ಸದ್ದು ಬರುತ್ತಿತ್ತು. ಒಂದು ಬೆಳಗ್ಗೆ ಹೊರಡು ಎಂದು ನಾನು ಊದಿದ್ದು ಹೊಂಬಾಳಯ್ಯನಿಗೆ ನಿಲ್ಲು ಎಂದು ಕೇಳಿಸಿತು. ಹೊರಟಿದ್ದವನು ಗಕ್ಕನೆ ಬ್ರೇಕ್ ಹಾಕಿದ. ನಿಂತಿದ್ದವರೆಲ್ಲ ಮುಂದಕ್ಕೆ ಬಂದರು, ನಾನೂ ಬಂದೆ. ವಿಷಲ್ಲು ಕಂಬಿಗೆ ತಗುಲಿತು, ವಿಷಲ್ಲನ್ನು ಕಚ್ಚಿದ್ದ ಹಲ್ಲು ಬಾಗಿಲಿನಂತೆ ಒಳಕ್ಕೆ ತೆರೆದು ಮತ್ತೆ ಮುಚ್ಚಿಕೊಂಡಿತು. ಎಳ್ಳಷ್ಟೂ ನೋಯಲಿಲ್ಲ. ಆ ನೋಯದಿದ್ದದ್ದೇ ನನ್ನನ್ನು ಹೆದರಿಸಿತು. ಹಣ್ಣು ಉದುರಿದ ಹಾಗೆ ಎಂದು ಯಾರೋ ಹೇಳಿದ್ದು ನೆನಪಾಯಿತು. ಮನೆಗೆ ಹೋಗಿ ಮಂಜುಳನಿಗೆ ಹೇಳಿದೆ. ಅವಳು ಆಗಲೇ ಚಪ್ಪಲಿ ಮೆಟ್ಟಿದಳು.

ಮಾಗಡಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ದಂತ ಚಿಕಿತ್ಸಾಲಯವಿದೆ. ಡಾಕ್ಟರ್ ನಾಜಿಯಾ ಅಂತ, ಚನ್ನಪಟ್ಟಣದ ಹುಡುಗಿ; ಅವರಪ್ಪ ಅರಗಿನ ಬೊಂಬೆ ಕಡೆಯುವವರು. ಕುರ್ಚಿಯ ಪಕ್ಕದ ಕಿಟಕಿಯಲ್ಲಿ ಬಣ್ಣದ ಬುಗುರಿಗಳನ್ನು ಸಾಲಾಗಿ ಇಟ್ಟಿದ್ದರು. ಬಾಯಿ ತೆರೆಸಿ, ಗೀಟು ಗೀಟಿರುವ ಒಂದು ತೆಳ್ಳನೆಯ ಕಡ್ಡಿಯನ್ನು ಹಲ್ಲಿನ ಬುಡದಲ್ಲಿ ಇಳಿಸುತ್ತ, ಪಕ್ಕದಲ್ಲಿದ್ದ ನರ್ಸಮ್ಮನಿಗೆ ಐದು, ಆರು, ಐದು, ಏಳು ಎಂದು ಬರೆಸುತ್ತ ಹೋದರು. ಹತ್ತಕ್ಕೆ ಏಳು ಬಂದದ್ದು ಕೇಳಿ ನನಗೆ ಸಮಾಧಾನವಾಯಿತು. ಆಮೇಲೆ ತಿಳಿಯಿತು, ಅದು ವಸಡು ಹಲ್ಲಿನಿಂದ ಬಿಟ್ಟುಕೊಂಡು ಎಷ್ಟು ಮಿಲಿಮೀಟರು ಗುಳಿಬಿದ್ದಿದೆ ಎಂಬ ಲೆಕ್ಕ, ಮೂರು ದಾಟಬಾರದಂತೆ. ಹೊಗೆಸೊಪ್ಪು ಹಾಕುತ್ತೀರಾ ಎಂದು ಕೇಳಿದರು. ಇಲ್ಲ ಎಂದೆ. ಅವರು ಮಂಜುಳನ ಮುಖ ನೋಡಿದರು. ಮಂಜುಳ ಈ ಸಲ ಗೋಡೆಯನ್ನು ನೋಡದೆ ನೇರವಾಗಿ ನನ್ನನ್ನೇ ನೋಡಿದಳು. ಹೌದು ಎಂದೆ.

ಆಮೇಲೆ ಅವರು ಹೇಳಿದ್ದನ್ನು ನನ್ನ ತಿಳಿವಳಿಕೆಗೆ ನಿಲುಕಿದಷ್ಟು ಹೇಳುತ್ತೇನೆ. ಕ್ರಿಮಿಗಳು ಎಲ್ಲರ ಬಾಯಲ್ಲೂ ಇರುತ್ತವೆ, ಅದರಲ್ಲಿ ಅವಮಾನವೇನಿಲ್ಲ. ಚೆನ್ನಾಗಿರುವ ವಸಡಿನಲ್ಲೂ ದೇಹ ಸದಾ ಒಂದಷ್ಟು ಕಾವಲುಗಾರರನ್ನು, ಅಂದರೆ ಬಿಳಿ ರಕ್ತಕಣಗಳನ್ನು, ಸದ್ದಿಲ್ಲದೆ ನಿಲ್ಲಿಸಿರುತ್ತದೆ. ಹಲ್ಲಿನ ಬುಡದಲ್ಲಿ ಕೊಳೆ ಕೂತು ಪಾಚಿಗಟ್ಟಿದರೆ ಕ್ರಿಮಿಗಳು ಹೆಚ್ಚುತ್ತವೆ, ಕಾವಲಿನವರು ಇನ್ನಷ್ಟು ಜನರನ್ನು ಕರೆಸುತ್ತಾರೆ. ಅವರು ಬರಲೆಂದು ರಕ್ತನಾಳಗಳು ಹಿಗ್ಗುತ್ತವೆ, ವಸಡು ಕೆಂಪಾಗಿ ಊದುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ. ಅಷ್ಟರಲ್ಲಿ ಕೊಳೆ ತೆಗೆದರೆ ಎಲ್ಲ ಮೊದಲಿನಂತಾಗುತ್ತದೆ. ತೆಗೆಯದೆ ಬಿಟ್ಟರೆ ಅದು ಕಲ್ಲಾಗಿ ವಸಡಿನ ಕೆಳಗೆ ಇಳಿಯುತ್ತದೆ. ಬಂದ ಕಾವಲಿನವರು ವಾಪಸ್ ಹೋಗುವ ಹಾಗಿಲ್ಲ. ತಿಂಗಳುಗಟ್ಟಲೆ ಅಲ್ಲೇ ನಿಂತು, ಕ್ರಿಮಿಗಳನ್ನು ಕೊಲ್ಲಲು ಚೆಲ್ಲುವ ರಸಾಯನದಿಂದ ನಮ್ಮದೇ ವಸಡಿನ ಎಳೆಗಳನ್ನೂ ಹಾಳುಮಾಡುತ್ತಾರೆ. ಕೊನೆಗೆ ಹಲ್ಲು ಹಿಡಿದಿರುವ ಮೂಳೆಯೇ ಸವೆಯುತ್ತದೆ. "ನಿಮ್ಮ ಹಲ್ಲು ಸಡಿಲ ಮಾಡಿದ್ದರಲ್ಲಿ ಕ್ರಿಮಿಗಿಂತ ನಿಮ್ಮ ಕಡೆಯವರ ಪಾಲೇ ಜಾಸ್ತಿ" ಎಂದರು ಡಾಕ್ಟರು.

ಇದು ನನಗೆ ತಕ್ಷಣ ಅರ್ಥವಾಯಿತು. ನಾನು ಹೈಸ್ಕೂಲಿನಲ್ಲಿದ್ದಾಗ ಚಿಕ್ಕಮ್ಮನ ರಾಗಿ ಹೊಲಕ್ಕೆ ಒಂದು ಸಂಜೆ ಕಾಡುಹಂದಿ ನುಗ್ಗಿತ್ತು. ಊರಿನ ಇಪ್ಪತ್ತು ಗಂಡಸರು ದೊಣ್ಣೆ, ತಗಡಿನ ಡಬ್ಬ ಹಿಡಿದು ಹೊಲದ ತುಂಬ ಓಡಾಡಿದರು. ಕತ್ತಲಾಗುವ ಮೊದಲು ಲೆಕ್ಕ ನೋಡಿದರೆ ಹಂದಿ ತಿಂದದ್ದು ಒಂದು ಮೂಲೆ, ನಮ್ಮವರು ತುಳಿದದ್ದು ಅರ್ಧ ಎಕರೆ. ಹಂದಿ ಬದುವಿನ ಲಂಟಾನ ಪೊದೆಯಲ್ಲಿ ಕೂತು ನೋಡುತ್ತಿತ್ತು. ಇದನ್ನು ಡಾಕ್ಟರಿಗೆ ಹೇಳಿದೆ. ಸರಿಯಾಗಿ ಹೇಳಿದಿರಿ ಎಂದು ಅವರು ಮೆಚ್ಚಿಕೊಂಡರು. ಹಾಗಾದರೆ ಕಡ್ಡಿಪುಡಿ ಹಾಕಿದ ಮೇಲೆ ರಕ್ತ ನಿಂತದ್ದು ಹೇಗೆ ಎಂದು ಕೇಳಿದೆ; ಮರ್ಯಾದೆ ಉಳಿಸಿಕೊಳ್ಳುವ ಕೊನೆಯ ಪ್ರಯತ್ನ.

"ಹೊಗೆಸೊಪ್ಪಿನ ವಿಷಕ್ಕೆ ರಕ್ತನಾಳ ಬಿಗಿದುಕೊಳ್ಳುತ್ತೆ ಕಂಡಕ್ಟರ್ರೇ. ಜೊತೆಗೆ ನೀವು ಆ ಕಡೆ ಬ್ರಷ್ಷೂ ಮುಟ್ಟಿಸ್ತಿರಲಿಲ್ಲ. ಹೊಲದಲ್ಲಿ ಕೂಗೋರ ಬಾಯಿ ಮುಚ್ಚಿಸಿದ್ರಿ ಅಷ್ಟೆ. ಹಂದಿ ಮೇಯ್ತಾನೇ ಇತ್ತು."

ಮುಂದಿನ ಒಂದು ಹಲ್ಲು ಕೀಳಲೇಬೇಕಾಯಿತು. ಉಳಿದವುಗಳ ಬುಡವನ್ನು ನಾಲ್ಕು ಸಲ ಕರೆಸಿ, ಒಂದೊಂದು ಮೂಲೆಯಾಗಿ ಕೆರೆದು ಶುದ್ಧ ಮಾಡಿದರು. ಕಡ್ಡಿಪುಡಿ ಅಂದೇ ಬಿಟ್ಟೆ. ಮೊದಲ ಹದಿನೈದು ದಿನ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಎಲ್ಲರ ಮೇಲೂ ಮಾಡಿದೆ. ಅಷ್ಟರಲ್ಲಿ ಒಂದು ಬೆಳಗ್ಗೆ ಬೇಸಿನ್ನಿನಲ್ಲಿ ಮತ್ತೆ ಕೆಂಪು ಗೆರೆ ಕಂಡಿತು. ಇಷ್ಟೆಲ್ಲ ಮಾಡಿಯೂ ಇದೇ ಗತಿಯೇ ಎಂದು ಡಾಕ್ಟರಿಗೆ ಫೋನು ಮಾಡಿದೆ. ಅವರು ಹೆದರಬೇಡಿ, ಹೊಗೆಸೊಪ್ಪು ಬಿಟ್ಟವರಿಗೆ ಕೆಲವು ದಿನ ಹೀಗಾಗುವುದುಂಟು, ಮುಚ್ಚಿದ್ದ ಬಾಯಿ ತೆರೆಯುತ್ತಿದೆ, ನೀವು ಬಿಡದೆ ಮೆತ್ತಗೆ ಉಜ್ಜಿ ಎಂದರು. ಆಮೇಲೆ ದಿನಾ ಗಂಡಹೆಂಡತಿ ಇಬ್ಬರೂ ಬೇಸಿನ್ನಿಗೆ ಬಗ್ಗಿ ಆ ಗೆರೆ ಎಷ್ಟು ತೆಳ್ಳಗಾಯಿತೆಂದು ನೋಡುತ್ತಿದ್ದೆವು. ಮದುವೆಯಾದ ಹೊಸದರಲ್ಲೂ ನಾವು ಅಷ್ಟು ಹತ್ತಿರ ನಿಂತ ನೆನಪಿಲ್ಲ. ಒಂದು ತಿಂಗಳಿಗೆ ಗೆರೆ ಹೋಯಿತು. ಅದರ ಹಿಂದೆ ಬಾಯಿಯ ವಾಸನೆಯೂ ಹೋಗಿ, ಮಂಜುಳ ಜೇಬಿಗೆ ಲವಂಗ ಹಾಕುವುದನ್ನು ನಿಲ್ಲಿಸಿದಳು. ಪ್ರೀತಿ ಕಡಿಮೆಯಾದದ್ದರಿಂದ ನನ್ನ ಮರ್ಯಾದೆ ಹೆಚ್ಚಾಯಿತೆಂದು ಆಗ ತಿಳಿಯಿತು.

ಆದರೆ ನನ್ನ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಚಿಕ್ಕಮ್ಮ. ಕಿಟಕಿಯ ಪಕ್ಕದ ಆ ಕುರ್ಚಿಯಲ್ಲಿ ಮಲಗಿದ್ದಾಗ ಡಾಕ್ಟರು ನನ್ನ ಕೆನ್ನೆಯ ಒಳಗನ್ನು ಬಹಳ ಹೊತ್ತು ನೋಡಿ, ನೀವು ಐದಾರು ತಿಂಗಳಲ್ಲೇ ಬಿಟ್ಟದ್ದು ಒಳ್ಳೆಯದಾಯಿತು ಎಂದಿದ್ದರು. ಚಿಕ್ಕಮ್ಮನ ಅಭ್ಯಾಸ ಐವತ್ತು ವರ್ಷ ದಾಟಿತ್ತು. ಅವಳನ್ನು ಕರೆತರುವುದು ಸುಲಭವಾಗಿರಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋಗುವುದಕ್ಕೆ ತನಗೆ ಹಲ್ಲಾದರೂ ಎಲ್ಲಿವೆ ಎಂದಳು. ಹಸುವಿಗೆ ಹುಲ್ಲು ಹಾಕುವವರಿಲ್ಲ ಎಂದಳು. ಹುಲ್ಲು ಮಂಜುಳ ಹಾಕುತ್ತಾಳೆ ಎಂದೆ. ಕೊನೆಗೆ ಹೆಂಗಸರಿಗೆ ಬಸ್ಸು ಪುಕ್ಕಟೆ, ನಿನ್ನ ಮಗನೇ ಕಂಡಕ್ಟರು, ಇನ್ನೇನು ಎಂದು ಹೇಳಿ ಹತ್ತಿಸಿಕೊಂಡು ಬಂದೆ.

ಡಾಕ್ಟರು ಅವಳ ಎಡಗೆನ್ನೆಯನ್ನು ಕನ್ನಡಿಯಲ್ಲಿ ಸರಿಸಿ ನೋಡಿದರು. ಕಡ್ಡಿಪುಡಿ ಕೂರುತ್ತಿದ್ದ ಜಾಗದಲ್ಲೇ, ಹೆಬ್ಬೆರಳಿನ ಉಗುರಿನಷ್ಟು ಒಂದು ಬಿಳಿ ಮಚ್ಚೆ. ಒರೆಸಿದರೆ ಹೋಗಲಿಲ್ಲ. ಡಾಕ್ಟರು ಮುಖದಲ್ಲಿ ಏನನ್ನೂ ತೋರಿಸದೆ, ಚೂರು ತೆಗೆದು ಪರೀಕ್ಷೆಗೆ ಬೆಂಗಳೂರಿಗೆ ಕಳಿಸಬೇಕು ಎಂದರು. ಏನೂ ತೋರಿಸದ ಮುಖ ಯಾಕೆ ಎಂಬುದು ಚಿಕ್ಕಮ್ಮನಿಗೂ ಅರ್ಥವಾಯಿತು. ಅವಳು ಸೊಂಟದ ಚೀಲ ಬಿಚ್ಚಿ, ಕಡ್ಡಿಪುಡಿಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. "ನಾನು ಹೆಂಗಾದ್ರೂ ಆಗ್ಲಿ ತಾಯಿ. ಈ ಮಗೀಗೆ ನಾನೇ ಕೊಟ್ಬುಟ್ನಲ್ಲ. ಇವನಿಗೇನೂ ಆಗಕಿಲ್ಲ ತಾನೆ?" ಎಂದಳು. ಈ ಮಗುವಿಗೆ ನಲವತ್ತೊಂಬತ್ತು ವರ್ಷ, ಮುಂದೆ ಒಂದು ಹಲ್ಲಿಲ್ಲ. ನಾನು ಕಿಟಕಿಯ ಬುಗುರಿಗಳನ್ನು ಎಣಿಸುತ್ತ ನಿಂತೆ. ಬೇರೆ ಕಡೆ ನೋಡಿದ್ದರೆ ಅತ್ತುಬಿಡುತ್ತಿದ್ದೆ.

ವರದಿ ಬರಲು ಹತ್ತು ದಿನವಾಯಿತು. ಆ ಹತ್ತು ದಿನ ನಾನು ಬಸ್ಸಿನಲ್ಲಿ ಯಾರ ಕಾಯಿಲೆಯನ್ನೂ ವಿಚಾರಿಸಲಿಲ್ಲ. ಕ್ಯಾನ್ಸರ್ ಅಲ್ಲ ಎಂದು ಬಂತು. ಆದರೆ ಹೀಗೇ ಬಿಟ್ಟಿದ್ದರೆ ಆಗಬಹುದಿತ್ತು, ಇನ್ನು ಮೂರು ತಿಂಗಳಿಗೊಮ್ಮೆ ತೋರಿಸಬೇಕು, ಹೊಗೆಸೊಪ್ಪನ್ನು ಮೂಸಲೂ ಬಾರದು ಎಂದರು. ಚಿಕ್ಕಮ್ಮ ಅಷ್ಟು ವರ್ಷದ ಚಟವನ್ನು ಹುರಿಗಡಲೆ ತಿಂದು ಬಿಟ್ಟಳು. ನಾನು ಐದಾರು ತಿಂಗಳಿನದನ್ನು ಬಿಡಲು ಮನೆಮಂದಿಯನ್ನೆಲ್ಲ ಬೈದಿದ್ದೆ.

ಉಳಿದದ್ದು ಬಸ್ಸಿನ ಪ್ರಾಯಶ್ಚಿತ್ತ. ಕಡ್ಡಿಪುಡಿ ಹಿಡಿಸಿದವರನ್ನೆಲ್ಲ ಹುಡುಕಿ ಬಿಡಿಸಬೇಕಿತ್ತು. ಕೆಟ್ಟದ್ದನ್ನು ಹೇಳಿಕೊಟ್ಟಾಗ ಒಂದೇ ಮಾತಿಗೆ ನಂಬಿದ ಜನ, ಬಿಡಿ ಎಂದಾಗ ನನ್ನನ್ನೇ ಅಡ್ಡಪ್ರಶ್ನೆ ಕೇಳಿದರು. ಹೊಂಬಾಳಯ್ಯನ ಬಾವಮೈದುನ ಎರಡು ತಿಂಗಳು ಸತಾಯಿಸಿ ಬಿಟ್ಟ. ಡೈರಿಯವರು ನನ್ನ ಬಾಯಿಯ ಖಾಲಿ ಜಾಗವನ್ನು ತೋರಿಸಿದ ಮೇಲೆ ಬಿಟ್ಟರು. ಮೇಷ್ಟರು ತಾವು ಆ ಪೊಟ್ಟಣವನ್ನು ಬಿಚ್ಚಿಯೇ ಇರಲಿಲ್ಲವೆಂದೂ, ನನ್ನ ಮಾತನ್ನು ನಂಬುವಷ್ಟು ಓದು ತಮಗಾಗಿಲ್ಲವೆಂದೂ ಹೇಳಿದರು.

ಮೊನ್ನೆ ಮೂರು ತಿಂಗಳ ತಪಾಸಣೆಗೆ ಚಿಕ್ಕಮ್ಮನೂ ನಾನೂ ಒಟ್ಟಿಗೆ ಹೋದೆವು. ಅವಳ ಮಚ್ಚೆ ಸಣ್ಣದಾಗಿತ್ತು. ಹನ್ನೊಂದು ಹಲ್ಲಿನ ಸುತ್ತಲೂ ವಸಡು ಗಟ್ಟಿಯಾಗಿದೆ ಎಂದು ಡಾಕ್ಟರು ಅವಳ ಕೈ ಕುಲುಕಿದರು. ಆಮೇಲೆ ನನ್ನ ಸರದಿ. ಆ ಬೆಳಗ್ಗೆ ನಾನು ಇಪ್ಪತ್ತು ನಿಮಿಷ ಉಜ್ಜಿದ್ದೆ. ಡಾಕ್ಟರು ಹಿಂದಿನ ಹಲ್ಲುಗಳ ಕಡೆ ಕಡ್ಡಿ ಇಳಿಸಿ, ಇವತ್ತು ಬಹಳ ಚೆನ್ನಾಗಿ ಉಜ್ಜಿದ್ದೀರಿ, ನಿನ್ನೆ ಮೊನ್ನೆಯ ವಿಷಯ ವಸಡು ಬೇರೆ ಹೇಳುತ್ತಿದೆ ಎಂದರು. ಚಿಕ್ಕಮ್ಮ ಏನೂ ಮಾತಾಡಲಿಲ್ಲ. ಬಸ್ಸು ಹತ್ತುವವರೆಗೆ ಮಾತಾಡಲಿಲ್ಲ ಅಷ್ಟೆ. ಮುಂದಿನ ಸೀಟಿನಲ್ಲಿ ಕೂತು, ಪ್ರತಿ ಸ್ಟಾಪಿನಲ್ಲೂ ಹತ್ತಿದ ಪ್ರತಿ ಹೆಂಗಸಿಗೂ, ತನಗೆ ಡಾಕ್ಟರಮ್ಮ ಕೈ ಕೊಟ್ಟದ್ದನ್ನೂ ತನ್ನ ಮಗ ಹಿಂದಿನ ಹಲ್ಲು ಉಜ್ಜದೆ ಸಿಕ್ಕಿಬಿದ್ದದ್ದನ್ನೂ ಮೊದಲಿನಿಂದ ಹೇಳಿದಳು. ಹೊಂಬಾಳಯ್ಯ ಕೇಳಿಸಿಕೊಳ್ಳಲೆಂದೇ ನಿಧಾನಕ್ಕೆ ಓಡಿಸಿದ. ನಾನು ಟಿಕೆಟ್ ಹರಿಯುತ್ತ ಕಿವುಡನಂತೆ ಹಿಂದಕ್ಕೆ ಸರಿಯುತ್ತಿದ್ದೆ. ಕೊನೆಯ ಸೀಟಿನಲ್ಲಿ ಸೊಪ್ಪಿನ ಗಂಟು ಇಟ್ಟುಕೊಂಡು ಕೂತಿದ್ದ, ನನಗೆ ಪರಿಚಯವೇ ಇಲ್ಲದ ಒಬ್ಬ ಅಜ್ಜಿ ನನ್ನ ಕೈ ಹಿಡಿದು ನಿಲ್ಲಿಸಿ, "ಎಲ್ಲಿ, ಬಾಯ್ ತಗಿ ಮಗ, ನೋಡಾನ" ಎಂದಳು. ಐವತ್ತು ಜನ ತುಂಬಿದ್ದ ಓಡುವ ಬಸ್ಸಿನಲ್ಲಿ, ಖಾಕಿ ತೊಟ್ಟು, ಹೆಗಲಿಗೆ ಚೀಲ ಹಾಕಿ, ಮೇಲಿನ ಕಂಬಿ ಹಿಡಿದುಕೊಂಡು, ನಾನು ಬಾಯಿ ತೆಗೆದೆ.